ನಿವೃತ್ತರಿಗೆ ಲೀಡ್ಸ್‌ನಲ್ಲಿ ದಿನನಿತ್ಯದ ಬದುಕು ಹೇಗಿರುತ್ತದೆ?

ನಮಸ್ಕಾರ ಸರ್. ನೀವು ಕೇಳಿದ್ದು ಇಷ್ಟು: ನೀವೂ ನಿಮ್ಮ ಮನೆಯವರೂ ನಿವೃತ್ತರು, ಮಗಳು ಅಳಿಯ ಇಂಗ್ಲೆಂಡಿನ ಲೀಡ್ಸ್‌ನಲ್ಲಿದ್ದಾರೆ, ಅಕ್ಟೋಬರಿನಿಂದ ಮಾರ್ಚ್‌ವರೆಗೆ ಬಂದಿರೋಣ ಅಂದುಕೊಂಡಿದ್ದೀರಿ. ಅವರಿಬ್ಬರೂ ಕೆಲಸಕ್ಕೆ ಹೋದ ಮೇಲೆ ಮನೆಯಲ್ಲಿ ನೀವಿಬ್ಬರೇ. ಹೊತ್ತು ಹೋಗುತ್ತದೆಯೇ, ಚಳಿ ತಡೆಯಲಾಗುತ್ತದೆಯೇ ಎಂದು ಕೇಳಿದ್ದೀರಿ. ನಾನೂ ನಿವೃತ್ತ, ಇದೇ ಊರಿನ ವಾಸಿ.

ಟಿಕೆಟ್ ಇನ್ನೂ ತೆಗೆದಿಲ್ಲವಾದರೆ ಮೊದಲು ತಿಂಗಳು ಬದಲಾಯಿಸಿ. ಏಪ್ರಿಲ್ ಮೊದಲ ವಾರ ಬಂದು ಸೆಪ್ಟೆಂಬರ್ ಕೊನೆಗೆ ಹೊರಡಿ. ವಿಸಿಟರ್ ವೀಸಾ ಎರಡು, ಐದು, ಹತ್ತು ವರ್ಷದ್ದು ಸಿಕ್ಕರೂ ಒಂದು ಸಲಕ್ಕೆ ಇರಬಹುದಾದದ್ದು ಆರು ತಿಂಗಳು ಮಾತ್ರ. ಆ ಆರು ತಿಂಗಳನ್ನು ವರ್ಷದ ಕತ್ತಲೆಯ ಅರ್ಧಕ್ಕೆ ಕೊಡಬೇಡಿ. ಬೆಂಗಳೂರಿನಲ್ಲಿ ಅತಿ ಉದ್ದದ ಹಗಲಿಗೂ ಅತಿ ಗಿಡ್ಡ ಹಗಲಿಗೂ ಒಂದೂವರೆ ಗಂಟೆಯಷ್ಟೇ ವ್ಯತ್ಯಾಸ. ಲೀಡ್ಸ್ ಇರುವುದು ಹೆಚ್ಚುಕಡಿಮೆ 54 ಡಿಗ್ರಿ ಉತ್ತರದಲ್ಲಿ. ಡಿಸೆಂಬರ್ ಮೂರನೇ ವಾರ ಸೂರ್ಯ ಹುಟ್ಟುವುದು 8:20ರ ಸುಮಾರಿಗೆ, ಮುಳುಗುವುದು ಮಧ್ಯಾಹ್ನ 3:45ಕ್ಕೆ. ನಡುವೆ ಮೋಡ ಕವಿದರೆ ಹಗಲಾದದ್ದೇ ಗೊತ್ತಾಗುವುದಿಲ್ಲ. ಅದೇ ಜೂನ್‌ನಲ್ಲಿ ಬೆಳಗ್ಗೆ 4:35ಕ್ಕೆ ಬೆಳಕು, ರಾತ್ರಿ 9:40ಕ್ಕೆ ಸೂರ್ಯಾಸ್ತ. ನಮ್ಮ ವಯಸ್ಸಿನವರಿಗೆ ಇಲ್ಲಿನ ಚಳಿಗಿಂತ ಈ ಕತ್ತಲೆ ಹೆಚ್ಚು ಕಾಡುತ್ತದೆ. ಚಳಿಗೆ ಬಟ್ಟೆ ಇದೆ, ಹೀಟಿಂಗ್ ಇದೆ. ಮೂರೂಮುಕ್ಕಾಲಿಗೆ ಕತ್ತಲಾದ ಮನೆಯಲ್ಲಿ ಮಕ್ಕಳು ಬರುವ ಆರು ಗಂಟೆವರೆಗೆ ಗಡಿಯಾರ ನೋಡುತ್ತಾ ಕೂರುವುದು ಬಹಳ ಕಷ್ಟ.

ಬಾಣಂತನವೋ ಮತ್ತೊಂದೋ ಕಾರಣಕ್ಕೆ ಚಳಿಗಾಲಕ್ಕೇ ಬರಬೇಕಾದರೆ ದಿನವನ್ನು ಬೆಳಕಿಗೆ ಕಟ್ಟಿಹಾಕಿ. ಅಡುಗೆ, ಪೂಜೆ, ಊರಿಗೆ ಫೋನು ಎಲ್ಲವನ್ನೂ ಕತ್ತಲಿನ ಹೊತ್ತಿಗೆ ತಳ್ಳಿ, ಹನ್ನೊಂದರಿಂದ ಎರಡರೊಳಗೆ ಮಳೆ ಬಂದರೂ ಹೊರಗೆ ಹೋಗಿ ಬನ್ನಿ. ಗಡಿಯಾರವೂ ಬದಲಾಗುತ್ತದೆ: ಅಕ್ಟೋಬರ್ ಕೊನೆಯ ಭಾನುವಾರ ಒಂದು ಗಂಟೆ ಹಿಂದಕ್ಕೆ, ಮಾರ್ಚ್ ಕೊನೆಯ ಭಾನುವಾರ ಒಂದು ಗಂಟೆ ಮುಂದಕ್ಕೆ. ಊರಿಗೂ ಇಲ್ಲಿಗೂ ಇರುವ ಅಂತರ ಬೇಸಿಗೆಯಲ್ಲಿ ನಾಲ್ಕೂವರೆ ಗಂಟೆ, ಚಳಿಗಾಲದಲ್ಲಿ ಐದೂವರೆ. ಸಂಜೆ ಆರಕ್ಕೆ ಫೋನು ಮಾಡಿದರೆ ಚಳಿಗಾಲದಲ್ಲಿ ಅಲ್ಲಿ ರಾತ್ರಿ ಹನ್ನೊಂದೂವರೆ ಆಗಿರುತ್ತದೆ, ಆದ್ದರಿಂದ ಊರಿನ ಮಾತೆಲ್ಲ ಬೆಳಗಿನ ಕತ್ತಲಲ್ಲೇ ಮುಗಿಸಿ. ಇನ್ನೊಂದು, ವಿಟಮಿನ್ ಡಿ. ಚಳಿಗಾಲದಲ್ಲಿ ಎಲ್ಲರೂ ದಿನಕ್ಕೆ 10 ಮೈಕ್ರೋಗ್ರಾಂ ತೆಗೆದುಕೊಳ್ಳುವುದನ್ನು ಯೋಚಿಸಿ ಎಂದು ಇಲ್ಲಿನ ಆರೋಗ್ಯ ಇಲಾಖೆಯೇ ಹೇಳುತ್ತದೆ. ನಮ್ಮಂಥ ಕಂದು ಮೈಬಣ್ಣದವರು ವರ್ಷವಿಡೀ ತೆಗೆದುಕೊಳ್ಳುವುದು ಒಳ್ಳೆಯದು ಎಂಬ ಸಲಹೆಯೂ ಇದೆ. ಸೂಪರ್‌ಮಾರ್ಕೆಟ್‌ನಲ್ಲೇ ಸಿಗುತ್ತದೆ. ಬೇರೆ ಮಾತ್ರೆ ನುಂಗುತ್ತಿದ್ದರೆ ಹೊರಡುವ ಮೊದಲು ನಿಮ್ಮ ಡಾಕ್ಟರನ್ನು ಕೇಳಿಕೊಳ್ಳಿ.

ಇನ್ನು ಮನೆ. ಇಲ್ಲಿನ ಸಾಲುಮನೆಗಳು ನೂರು ವರ್ಷ ದಾಟಿದವು, ಇಟ್ಟಿಗೆಯವು. ಕೆಲವು ಕಡೆ ಹಿಂಗೋಡೆ ಇನ್ನೊಂದು ಮನೆಗೆ ಅಂಟಿರುತ್ತದೆ, ಅಂದರೆ ಕಿಟಕಿ ಒಂದೇ ಕಡೆ. ಅಡುಗೆಮನೆ, ಹಾಲ್ ಕೆಳಗೆ. ಮಲಗುವ ಕೋಣೆ, ಬಚ್ಚಲು ಮೇಲೆ. ನಡುವೆ ಕಡಿದಾದ ಮೆಟ್ಟಿಲು. ಮಂಡಿನೋವು ಇದ್ದರೆ ಮೆಟ್ಟಿಲಿಗೆ ಎರಡೂ ಕಡೆ ಹಿಡಿ ಇದೆಯೇ ಎಂದು ಮಗಳನ್ನು ಈಗಲೇ ಕೇಳಿ.

ಬಚ್ಚಲಿನ ವಿಷಯ ಬಂದವರೆಲ್ಲ ಎಡವುವ ಜಾಗ. ನೆಲಕ್ಕೆ ಮೋರಿ ಇರುವುದಿಲ್ಲ. ಬಕೆಟ್‌ನಿಂದ ನೆಲದ ಮೇಲೆ ನೀರು ಸುರಿದುಕೊಂಡರೆ ಆ ನೀರು ಹಲಗೆಯ ಸಂದಿಯಿಂದ ಇಳಿದು ಕೆಳಗಿನ ಹಾಲ್‌ನ ಚಾವಣಿಗೆ ಕಲೆ ಕಟ್ಟುತ್ತದೆ, ಬಾಡಿಗೆ ಮನೆಯಾದರೆ ಅಡ್ವಾನ್ಸ್‌ನಲ್ಲಿ ಮುರಿದುಕೊಳ್ಳುತ್ತಾರೆ. ಬಕೆಟ್ ಬೇಕೇ ಬೇಕು ಎನ್ನುವವರು ಅದನ್ನು ಟಬ್ಬಿನ ಒಳಗೇ ಇಟ್ಟುಕೊಳ್ಳಬೇಕು. ಟಬ್ಬಿನ ಅಂಚು ಮಂಡಿಯ ಎತ್ತರಕ್ಕಿರುತ್ತದೆ, ಒದ್ದೆ ಕಾಲಲ್ಲಿ ದಾಟುವಾಗಲೇ ಜಾರುವುದು. ಒಳಗೆ ರಬ್ಬರ್ ಮ್ಯಾಟ್, ಗೋಡೆಗೆ ತಿರುಪು ಹಾಕಿ ಕೂರಿಸಿದ ಹಿಡಿ, ಇವೆರಡೂ ನೀವು ಬರುವ ಮುಂಚೆಯೇ ಆಗಿರಲಿ. ಗಾಳಿಯ ಹಿಡಿತದಿಂದ ಅಂಟುವ ಹಿಡಿಗಳು ಟೈಲ್ಸ್‌ನಿಂದ ತಟ್ಟನೆ ಬಿಟ್ಟುಬಿಡುತ್ತವೆ, ಮೈಭಾರ ಹಾಕಲು ಅವುಗಳನ್ನು ನಂಬಬೇಡಿ.

ಹೀಟಿಂಗ್ ಅಂದರೆ ಗ್ಯಾಸಿನ ಬಾಯ್ಲರ್ ಮತ್ತು ಪ್ರತಿ ಕೋಣೆಗೊಂದು ರೇಡಿಯೇಟರ್. ಥರ್ಮೋಸ್ಟಾಟ್ 18ರಿಂದ 21ರ ನಡುವೆ ಇರಲಿ. 27ಕ್ಕೆ ತಿರುಗಿಸಿದರೆ ಬೇಗ ಬಿಸಿಯಾಗುವುದಿಲ್ಲ, ಹೆಚ್ಚು ಹೊತ್ತು ಉರಿಯುತ್ತದೆ ಅಷ್ಟೆ. ಮಕ್ಕಳಿಲ್ಲದಾಗ ಮನೆ ತಣ್ಣಗಾದರೆ ಬಾಯ್ಲರಿನಲ್ಲಿ ನೀರಿನ ಒತ್ತಡ ತೋರಿಸುವ ಮುಳ್ಳು ನೋಡಿ. ತಣ್ಣಗಿರುವಾಗ 1ರಿಂದ 1.5 ಬಾರ್ ಇರಬೇಕು. ಒಂದಕ್ಕಿಂತ ತೀರಾ ಕೆಳಗಿಳಿದರೆ ಹೆಚ್ಚಿನ ಬಾಯ್ಲರುಗಳು ತಾವೇ ನಿಂತುಬಿಡುತ್ತವೆ. ಕೆಳಗಡೆ ಒಂದು ಬಾಗುವ ಪೈಪು, ಅದಕ್ಕೆ ಒಂದೋ ಎರಡೋ ಸಣ್ಣ ತಿರುಪು ಇರುತ್ತವೆ. ಮೆಲ್ಲಗೆ ತೆರೆದು ಮುಳ್ಳು 1.3ಕ್ಕೆ ಬಂದೊಡನೆ ಬಿಗಿಯಾಗಿ ಮುಚ್ಚಬೇಕು. ಇದನ್ನು ಮೊದಲ ವಾರವೇ ಅಳಿಯನ ಎದುರು ಒಮ್ಮೆ ಮಾಡಿ ನೋಡಿಟ್ಟುಕೊಳ್ಳಿ. ವಾರ ವಾರ ತುಂಬಿಸಬೇಕಾಗಿ ಬಂದರೆ ಎಲ್ಲೋ ಸೋರುತ್ತಿದೆ ಎಂದರ್ಥ, ಮೆಕ್ಯಾನಿಕ್ ಬರಲಿ. ಕೊರೆಯುವ ಬೆಳಗ್ಗೆ ಬಾಯ್ಲರ್ ಗುಳುಗುಳು ಸದ್ದು ಮಾಡಿ ನಿಂತರೆ ಹೊರಗೋಡೆಯ ತೆಳು ಪ್ಲಾಸ್ಟಿಕ್ ಪೈಪಿನಲ್ಲಿ ನೀರು ಹೆಪ್ಪುಗಟ್ಟಿರುವ ಸಂಭವ ಹೆಚ್ಚು. ಕೈ ತಡೆಯುವಷ್ಟು ಬೆಚ್ಚನೆಯ ನೀರು ಅದರ ಮೇಲೆ ಸುರಿದು ಬಾಯ್ಲರಿನ ರೀಸೆಟ್ ಒತ್ತಿ. ಕುದಿಯುವ ನೀರು ಬೇಡ, ಪೈಪು ಸೀಳುತ್ತದೆ, ಸುರಿದ ನೀರು ಅಂಗಳದಲ್ಲಿ ಮಂಜುಗಡ್ಡೆಯಾಗಿ ನೀವೇ ಜಾರುತ್ತೀರಿ.

ಮನೆಯೊಳಗೆ ತೇವ ತರುವುದು ಬಹುಮಟ್ಟಿಗೆ ನಮ್ಮ ಅಭ್ಯಾಸಗಳೇ. ಮೂರು ಹೊತ್ತು ಅನ್ನ ಸಾರು ಕುದಿಸುತ್ತೇವೆ, ಒಗೆದ ಬಟ್ಟೆಯನ್ನು ರೇಡಿಯೇಟರ್ ಮೇಲೆ ಹರಡುತ್ತೇವೆ, ಚಳಿಯೆಂದು ಕಿಟಕಿ ತೆಗೆಯುವುದಿಲ್ಲ. ಆ ಹಬೆಯೆಲ್ಲ ತಣ್ಣನೆಯ ಹೊರಗೋಡೆಗೆ ತಾಗಿ ನೀರಾಗಿ, ಬೀರುವಿನ ಹಿಂದೆ ಕಪ್ಪು ಬೂಷ್ಟು ಹಿಡಿಯುತ್ತದೆ. ಬೆಳಗ್ಗೆ ಹತ್ತು ನಿಮಿಷ ಎದುರುಬದುರು ಕಿಟಕಿ ತೆರೆಯಿರಿ, ಪಾತ್ರೆಗೆ ಮುಚ್ಚಳ ಹಾಕಿ ಬೇಯಿಸಿ, ಬಟ್ಟೆಯನ್ನು ಒಂದೇ ಕೋಣೆಯಲ್ಲಿ ಬಾಗಿಲು ಹಾಕಿ ಒಣಗಿಸಿ, ಮಂಚ ಬೀರುಗಳನ್ನು ಹೊರಗೋಡೆಯಿಂದ ನಾಲ್ಕು ಬೆರಳು ದೂರ ಇಡಿ. ಆಸ್ತಮಾ ಇರುವವರಿಗೆ ಇದು ಔಷಧಿಯಷ್ಟೇ ಮುಖ್ಯ.

ಒಗ್ಗರಣೆಯ ಬಗ್ಗೆ ಬಿಡಿಸಿ ಹೇಳಬೇಕು. ಎಣ್ಣೆ ಕಾದು ಸಾಸಿವೆ ಸಿಡಿದು ಒಣಮೆಣಸಿನಕಾಯಿ ಬಿದ್ದೊಡನೆ ನಡುಮನೆಯ ಹೊಗೆ ಅಲಾರಂ ಕಿವಿ ಸೀಳುವಂತೆ ಕೂಗುತ್ತದೆ. ಒಲೆಯ ಮೇಲಿನ ಚಿಮಣಿ ಹಾಕಿದರೂ ಕೂಗುತ್ತದೆ, ಯಾಕೆಂದರೆ ಎಷ್ಟೋ ಮನೆಗಳಲ್ಲಿ ಆ ಚಿಮಣಿಗೆ ಹೊರಗೆ ಹೋಗುವ ಕೊಳವೆಯೇ ಇರುವುದಿಲ್ಲ. ಹೊಗೆಯನ್ನು ಇದ್ದಿಲ ಫಿಲ್ಟರಿನಲ್ಲಿ ಹಾಯಿಸಿ ಮತ್ತೆ ಅಡುಗೆಮನೆಗೇ ಬಿಡುತ್ತದೆ. ಚಿಮಣಿ ಹಾಕಿ ಅದರ ನೆತ್ತಿಯ ಹತ್ತಿರ ಕೈ ಹಿಡಿದು ನೋಡಿ, ಗಾಳಿ ಮುಖಕ್ಕೆ ಬಂದರೆ ನಿಮ್ಮದೂ ಅಂಥದ್ದೇ. ಆಗ ಕ್ರಮ ಹೀಗಿರಲಿ: ಮೊದಲು ಅಡುಗೆಮನೆಯ ಬಾಗಿಲು ಮುಚ್ಚಿ, ಆಮೇಲೆ ಕಿಟಕಿ ತೆರೆಯಿರಿ, ಆಮೇಲೆ ಎಣ್ಣೆ ಇಡಿ. ಒಗ್ಗರಣೆ ಸೌಟಿನ ಬದಲು ಮುಚ್ಚಳವಿರುವ ಸಣ್ಣ ಪಾತ್ರೆ ಬಳಸಿ, ಮೆಣಸಿನಕಾಯಿಯನ್ನು ಉರಿ ಆರಿಸಿದ ಮೇಲೆ ಹಾಕಿ. ಅಲಾರಂ ಕೂಗಿತೆಂದು ಬ್ಯಾಟರಿ ಕಿತ್ತಿಡಬೇಡಿ, ಅದರ ಗುಂಡಿ ಒತ್ತಿದರೆ ಸ್ವಲ್ಪ ಹೊತ್ತು ಸುಮ್ಮನಾಗುತ್ತದೆ. ಅಪಾರ್ಟ್‌ಮೆಂಟಾದರೆ ಕಾರಿಡಾರಿನ ಬಾಗಿಲು ತೆರೆದು ಹೊಗೆ ಹೊರಗೆ ಬಿಡುವ ತಪ್ಪು ಮಾಡಬೇಡಿ. ಅಲ್ಲಿನ ಅಲಾರಂ ಇಡೀ ಕಟ್ಟಡದ್ದು, ಎಲ್ಲರೂ ಕೆಳಗಿಳಿಯಬೇಕಾದೀತು.

ಮಿಕ್ಸಿ, ಗ್ರೈಂಡರ್ ಊರಿನಿಂದ ತರಬಹುದು. ಇಲ್ಲೂ 230 ವೋಲ್ಟ್, 50 ಹರ್ಟ್ಸ್, ಟ್ರಾನ್ಸ್‌ಫಾರ್ಮರ್ ಬೇಡ. ಪ್ಲಗ್ ಮಾತ್ರ ಬೇರೆ. ಪ್ರವಾಸಕ್ಕೆಂದು ಮಾರುವ ಸಡಿಲ ಅಡಾಪ್ಟರಿಗೆ 750 ವ್ಯಾಟ್ ಮಿಕ್ಸಿ ಚುಚ್ಚಿದರೆ ಅದು ಬಿಸಿಯಾಗಿ ಕರಗುತ್ತದೆ. ಗೊತ್ತಿರುವವರ ಕೈಯಲ್ಲಿ ಪ್ಲಗ್ಗನ್ನೇ ಬದಲಾಯಿಸಿ. ಇಲ್ಲಿನ ಪ್ಲಗ್ಗಿನೊಳಗೇ ಫ್ಯೂಸ್ ಇರುತ್ತದೆ, 700 ವ್ಯಾಟ್‌ವರೆಗೆ 3 ಆಂಪ್, ಅದಕ್ಕೆ ಮೇಲೆ 13. ಕುಕ್ಕರ್ ತರುವ ಮುಂಚೆ ಒಲೆ ಯಾವುದೆಂದು ಕೇಳಿ. ಇಂಡಕ್ಷನ್ ಆದರೆ ಬರೀ ಅಲ್ಯೂಮಿನಿಯಂ ಕುಕ್ಕರ್ ಬಿಸಿಯೇ ಆಗುವುದಿಲ್ಲ. ಗ್ಯಾಸ್ಕೆಟ್ ಎರಡು ಹೆಚ್ಚಿಗೆ ತನ್ನಿ.

ದೋಸೆ ಹಿಟ್ಟು 18 ಡಿಗ್ರಿಯ ಅಡುಗೆಮನೆಯಲ್ಲಿ ಒಂದು ರಾತ್ರಿಗೆ ಹುಳಿಯಾಗುವುದಿಲ್ಲ. ಓವನ್ ಹಚ್ಚದೆ ಒಳಗಿನ ದೀಪ ಮಾತ್ರ ಹಾಕಿ ಹಿಟ್ಟಿಡುವುದು ಹಳೆಯ ಉಪಾಯ, ಆದರೆ ಹೊಸ ಓವನ್‌ಗಳ ಎಲ್‌ಇಡಿ ದೀಪಕ್ಕೆ ಬಿಸಿಯೇ ಇಲ್ಲ. ಅಂಥಲ್ಲಿ ಮುಚ್ಚಿದ ಓವನ್‌ನಲ್ಲಿ ಹಿಟ್ಟಿನ ಪಾತ್ರೆಯ ಪಕ್ಕ ಬಿಸಿನೀರಿನ ಪಾತ್ರೆ ಇಟ್ಟು, ಮಲಗುವ ಮುಂಚೆ ಒಮ್ಮೆ, ಬೆಳಗ್ಗೆ ಎದ್ದು ಒಮ್ಮೆ ನೀರು ಬದಲಾಯಿಸಿದರೆ ಹದಿನಾಲ್ಕರಿಂದ ಹದಿನೆಂಟು ಗಂಟೆಯಲ್ಲಿ ಉಬ್ಬುತ್ತದೆ. ಓವನ್ ಬಾಗಿಲಿಗೆ ‘ಒಳಗೆ ಹಿಟ್ಟಿದೆ’ ಎಂದು ಚೀಟಿ ಅಂಟಿಸಿ. ಗೊತ್ತಿಲ್ಲದೆ ಯಾರಾದರೂ ಓವನ್ ಕಾಯಿಸಿದರೆ ಹಿಟ್ಟೂ ಹೋಯಿತು, ಪ್ಲಾಸ್ಟಿಕ್ ಮುಚ್ಚಳವೂ ಹೋಯಿತು.

ದಿನಸಿಗೆ ಚಿಂತೆಯಿಲ್ಲ. ಹೇರ್‌ಹಿಲ್ಸ್, ರೌಂಡ್‌ಹೇ ರಸ್ತೆಯ ಕಡೆ ನಮ್ಮ ಕಡೆಯ ಸಾಮಾನಿನ ಅಂಗಡಿಗಳಿವೆ, ಪಕ್ಕದ ಬ್ರಾಡ್‌ಫರ್ಡ್‌ನಲ್ಲಿ ಇನ್ನೂ ಹೆಚ್ಚು. ಹೆಚ್ಚಿನವರು ಪಂಜಾಬಿ, ಗುಜರಾತಿ, ಪಾಕಿಸ್ತಾನಿ ಮೂಲದವರು, ಹಾಗಾಗಿ ಹೆಸರುಗಳು ಅವರವು. ರಾಗಿ ಹಿಟ್ಟು ಕಾಣದಿದ್ದರೆ ‘ನಾಚನಿ’ ಎಂದು ಕೇಳಿ. ಅವರೆಕಾಳು ಫ್ರೀಜರಿನಲ್ಲಿ ‘ಸುರ್ತಿ ಪಾಪ್ಡಿ ಲಿಲ್ವಾ’ ಎಂಬ ಹೆಸರಲ್ಲಿ ಮಲಗಿರುತ್ತದೆ. ತುರಿದ ಕಾಯಿಯೂ ಅಲ್ಲೇ ಸಿಗುತ್ತದೆ. ತೊಗರಿಬೇಳೆ ಎರಡು ಬಗೆ: ಸಾದಾ, ಮತ್ತು ಎಣ್ಣೆ ಸವರಿದ್ದು. ಎಣ್ಣೆಯದನ್ನು ಬಿಸಿನೀರಿನಲ್ಲಿ ಮೂರು ಸಲ ಉಜ್ಜಿ ತೊಳೆಯದಿದ್ದರೆ ಸಾರು ನೊರೆ ಕಟ್ಟಿ ಒಂಥರಾ ವಾಸನೆ ಬರುತ್ತದೆ. ಬ್ಯಾಡಗಿ ಮೆಣಸಿನಕಾಯಿ ಎಲ್ಲ ಕಡೆ ಸಿಗದು, ಸಾರಿನ ಪುಡಿ ಮಾಡಿಸಿಕೊಂಡೇ ಬನ್ನಿ. ಪೇಡ, ತುಪ್ಪ, ಹಾಲಿನ ಸಿಹಿ, ಮಾಂಸದ ಪದಾರ್ಥ ಭಾರತದಿಂದ ತರುವಂತಿಲ್ಲ. ವಿಮಾನ ನಿಲ್ದಾಣದಲ್ಲಿ ಸಿಕ್ಕರೆ ಕಿತ್ತುಕೊಳ್ಳುತ್ತಾರೆ.

ತರಕಾರಿಗೆ ಊರ ನಡುವಿನ ಕರ್ಕ್‌ಗೇಟ್ ಮಾರ್ಕೆಟ್‌ಗೆ ಹೋಗಿ. 1904ರ ಮುಂಭಾಗ, ಕಬ್ಬಿಣದ ಕಂಬ, ಗಾಜಿನ ಮಾಡು. ಮಾರ್ಕ್ಸ್ ಅಂಡ್ ಸ್ಪೆನ್ಸರ್ ಕಂಪನಿ 1884ರಲ್ಲಿ ಒಂದು ಪೆನ್ನಿಯ ಅಂಗಡಿಯಾಗಿ ಹುಟ್ಟಿದ್ದು ಈ ಮಾರುಕಟ್ಟೆಯಲ್ಲೇ. ಹೊರಗಿನ ಅಂಗಡಿಗಳಲ್ಲಿ ತರಕಾರಿ, ಹಣ್ಣನ್ನು ಬಟ್ಟಲಿನ ಲೆಕ್ಕದಲ್ಲಿ ಮಾರುತ್ತಾರೆ, ಮಧ್ಯಾಹ್ನ ಮೂರರ ಮೇಲೆ ಕೂಗಿ ಕರೆದು ಕೊಡುತ್ತಾರೆ. ಮನೆಗೆ ಬಂದು ಬಟ್ಟಲಿನ ತಳದ ಹಣ್ಣು ಮೊದಲು ತಿನ್ನಿ, ಅವು ಮರುದಿನಕ್ಕೆ ನಿಲ್ಲುವುದಿಲ್ಲ. ಭಾನುವಾರ ಮಾರ್ಕೆಟ್ ರಜೆ. ದೊಡ್ಡ ಸೂಪರ್‌ಮಾರ್ಕೆಟ್‌ಗಳೂ ಭಾನುವಾರ ಒಟ್ಟು ಆರು ಗಂಟೆ ಕಾಲ ಮಾತ್ರ ತೆರೆದಿರಬೇಕೆಂಬುದು ಕಾನೂನು. ಪ್ರತಿ ವಸ್ತುವನ್ನೂ ರೂಪಾಯಿಗೆ ಗುಣಿಸುವ ಅಭ್ಯಾಸ ಮೊದಲ ವಾರವೇ ಬಿಡಿ, ಇಲ್ಲದಿದ್ದರೆ ಒಂದು ಕಟ್ಟು ಕೊತ್ತಂಬರಿ ಕೊಳ್ಳಲೂ ಮನಸ್ಸು ಬಾರದು.

ಲೀಡ್ಸ್‌ನಲ್ಲಿ ಮೆಟ್ರೋ ಇಲ್ಲ, ಟ್ರಾಮ್ 1959ಕ್ಕೇ ನಿಂತುಹೋಯಿತು. ಓಡಾಟವೆಲ್ಲ ಬಸ್ಸಿನಲ್ಲೇ. ಇಲ್ಲಿನ ಹಿರಿಯರಿಗೆ ಪಿಂಚಣಿ ವಯಸ್ಸು ಬಂದೊಡನೆ ಉಚಿತ ಪಾಸು ಸಿಗುತ್ತದೆ, ವಾರದ ದಿನಗಳಲ್ಲಿ ಬೆಳಗ್ಗೆ 9:30ರ ಮೇಲೆ ನಡೆಯುತ್ತದೆ. ಅದು ನಿವಾಸಿಗಳಿಗೆ ಮಾತ್ರ. ನಿಮಗೆ ಟಿಕೆಟ್ಟೇ ಗತಿ, ಆದರೆ 2025ರಲ್ಲಿ ಇಂಗ್ಲೆಂಡಿನ ಬಹುತೇಕ ಬಸ್ಸುಗಳಲ್ಲಿ ಒಂದು ಪ್ರಯಾಣಕ್ಕೆ 3 ಪೌಂಡ್ ಮಿತಿ ಇತ್ತು, ಈಗಿನ ದರ ಕೇಳಿಕೊಳ್ಳಿ. ದಿನದಲ್ಲಿ ಎರಡು ಮೂರು ಸಲ ಹತ್ತುವುದಾದರೆ ಡೇ ಟಿಕೆಟ್ ಕೇಳಿ. ಟಿಕೆಟ್ಟಿಗೆ ಮುಟ್ಟಿಸಲು ಇಬ್ಬರಿಗೂ ಬೇರೆ ಬೇರೆ ಬ್ಯಾಂಕ್ ಕಾರ್ಡು ಇರಲಿ. ಸ್ಟಾಪಿನಲ್ಲಿ ಸುಮ್ಮನೆ ನಿಂತರೆ ಬಸ್ಸು ಹಾಗೇ ಹೋಗಿಬಿಡಬಹುದು, ಕೈ ಚಾಚಲೇಬೇಕು. ಇಳಿಯುವ ಸ್ಟಾಪಿಗೆ ಮುಂಚೆ ಗಂಟೆ ಒತ್ತಿ, ಬಸ್ಸು ಪೂರ್ತಿ ನಿಂತ ಮೇಲೆ ಏಳಿ. ಮಹಡಿಗೆ ಹತ್ತಬೇಡಿ, ಮೆಟ್ಟಿಲಿನ ಮೇಲಿರುವಾಗಲೇ ಬಸ್ಸು ಹೊರಟುಬಿಡುತ್ತದೆ. ಇಳಿಯುವಾಗ ಡ್ರೈವರಿಗೆ ಥ್ಯಾಂಕ್ಸ್ ಹೇಳುವುದು ಇಲ್ಲಿನ ರೂಢಿ, ಎಲ್ಲರೂ ಹೇಳುತ್ತಾರೆ.

ಹೋಗುವುದೆಲ್ಲಿಗೆ? ಕೊರೆಯುವ ದಿನ ಊರ ನಡುವಿನ ಆರ್ಟ್ ಗ್ಯಾಲರಿ, ಸೆಂಟ್ರಲ್ ಲೈಬ್ರರಿ, ಸಿಟಿ ಮ್ಯೂಸಿಯಂ, ನದಿಯ ದಂಡೆಯ ರಾಯಲ್ ಆರ್ಮರೀಸ್. ಎಲ್ಲಕ್ಕೂ ಪ್ರವೇಶ ಉಚಿತ, ಒಳಗೆ ಬೆಚ್ಚಗೆ, ಶೌಚಾಲಯ ಸ್ವಚ್ಛ. ನಮ್ಮ ವಯಸ್ಸಿಗೆ ಈ ಕೊನೆಯದನ್ನು ನೋಡಿಕೊಂಡೇ ದಾರಿ ಹಾಕಬೇಕು. ಗ್ಯಾಲರಿ ಮತ್ತು ಲೈಬ್ರರಿಯ ನಡುವೆ ಬಣ್ಣದ ಟೈಲ್ಸಿನ ಕಮಾನಿನ ಹಜಾರವೊಂದಿದೆ, ಒಂದು ಕಾಫಿ ತೆಗೆದುಕೊಂಡು ಎಷ್ಟು ಹೊತ್ತು ಕೂತರೂ ಎಬ್ಬಿಸುವವರಿಲ್ಲ. ಬಿಸಿಲಿದ್ದರೆ ರೌಂಡ್‌ಹೇ ಪಾರ್ಕ್, 700 ಎಕರೆ, ಎರಡು ಕೆರೆ. ಏಪ್ರಿಲ್ ನಂತರ ಬಂದರೆ ರೈಲಿನಲ್ಲಿ ಸೆಟಲ್, ಕಾರ್ಲೈಲ್ ಕಡೆಗೂ ಹೋಗಿ ಬನ್ನಿ. 1876ರಲ್ಲಿ ತೆರೆದ ದಾರಿ, ರಿಬಲ್‌ಹೆಡ್ ಸೇತುವೆಗೆ 24 ಕಮಾನು. ಅರವತ್ತು ದಾಟಿದವರಿಗೆ ಸೀನಿಯರ್ ರೈಲ್‌ಕಾರ್ಡ್ ಇದೆ, ಪಾಸ್‌ಪೋರ್ಟ್ ತೋರಿಸಿದರೆ ಪ್ರವಾಸಿಗರಿಗೂ ಕೊಡುತ್ತಾರೆ, ಟಿಕೆಟ್ಟಿನ ಮೂರನೇ ಒಂದು ಭಾಗ ಉಳಿಯುತ್ತದೆ.

ಆರೋಗ್ಯದ ಮಾತು ಗಂಭೀರವಾಗಿ ಕೇಳಿ. ಪ್ರವಾಸಿಗರೂ ಹತ್ತಿರದ ಜಿಪಿ, ಅಂದರೆ ಬಡಾವಣೆಯ ಸಾಮಾನ್ಯ ವೈದ್ಯರ, ಕ್ಲಿನಿಕ್‌ನಲ್ಲಿ ತಾತ್ಕಾಲಿಕವಾಗಿ ಹೆಸರು ಬರೆಸಬಹುದು, ಡಾಕ್ಟರನ್ನು ನೋಡುವುದಕ್ಕೆ ದುಡ್ಡಿಲ್ಲ. ತುರ್ತು ವಿಭಾಗದ ಚಿಕಿತ್ಸೆಗೂ ದುಡ್ಡಿಲ್ಲ. ಆದರೆ ಅಲ್ಲಿಂದ ವಾರ್ಡಿಗೆ ಸೇರಿಸಿಕೊಂಡ ಕ್ಷಣದಿಂದ ಬಿಲ್ಲು ಶುರು, ಅದೂ ನಿಗದಿತ ದರದ ಒಂದೂವರೆ ಪಟ್ಟು. ಆರು ತಿಂಗಳಿಗೂ ವಿಮೆ ಮಾಡಿಸದೆ ವಿಮಾನ ಹತ್ತಬೇಡಿ. ಬಿಪಿ, ಶುಗರ್, ಹಳೆಯ ಸ್ಟೆಂಟ್ ಯಾವುದನ್ನೂ ಮುಚ್ಚಿಡಬೇಡಿ, ಮುಚ್ಚಿಟ್ಟರೆ ಕ್ಲೇಮ್ ತಿರಸ್ಕರಿಸುತ್ತಾರೆ. ಮಾತ್ರೆಗಳನ್ನು ಪಟ್ಟಿಯಿಂದ ಬಿಡಿಸದೆ, ಚೀಟಿಯ ಸಮೇತ ಕೈಚೀಲದಲ್ಲೇ ತನ್ನಿ. ಇಲ್ಲಿ ಅಂಗಡಿಯಲ್ಲಿ ಬಿಪಿ ಮಾತ್ರೆಯನ್ನಾಗಲಿ ಆ್ಯಂಟಿಬಯಾಟಿಕ್ ಆಗಲಿ ಚೀಟಿಯಿಲ್ಲದೆ ಕೊಡುವುದಿಲ್ಲ. ಸಣ್ಣಪುಟ್ಟದ್ದಕ್ಕೆ ಫಾರ್ಮಸಿಸ್ಟ್ ಹತ್ತಿರ ಕೂತು ಮಾತಾಡಿ, ಅವರ ಸಲಹೆಗೆ ದುಡ್ಡಿಲ್ಲ. ಡೋಲೋ ಎಂಬ ಹೆಸರು ಇಲ್ಲಿಲ್ಲ, ಪ್ಯಾರಾಸಿಟಮಾಲ್ ಎಂದೇ ಕೇಳಬೇಕು, 500 ಮಿಲಿಗ್ರಾಮಿನದು ಸಿಗುತ್ತದೆ. ಶೀತಕ್ಕೆಂದು ಮಾರುವ ನಿಂಬೆ ರುಚಿಯ ಪುಡಿಗಳಲ್ಲೂ ಅದೇ ಪ್ಯಾರಾಸಿಟಮಾಲ್ ಇರುತ್ತದೆ. ಎರಡನ್ನೂ ಸೇರಿಸಿ ತೆಗೆದುಕೊಂಡರೆ ಲಿವರಿಗೆ ಅಪಾಯ. ತುರ್ತಲ್ಲದ ಪ್ರಶ್ನೆಗೆ 111, ಜೀವಕ್ಕೆ ಅಪಾಯವಾದರೆ 999. ಎರಡನ್ನೂ ಮನೆಯ ವಿಳಾಸ, ಪೋಸ್ಟ್‌ಕೋಡ್ ಸಮೇತ ದಪ್ಪ ಅಕ್ಷರದಲ್ಲಿ ಬರೆದು ಫ್ರಿಜ್ಜಿಗೆ ಅಂಟಿಸಿ.

ಜನ ಮಾತಿನವರು. ಲೀಡ್ಸ್ ಇರುವ ಈ ಯಾರ್ಕ್‌ಷೈರ್ ಸೀಮೆಯವರು ಅಪರಿಚಿತರನ್ನೂ ‘ಲವ್’ ಎನ್ನುತ್ತಾರೆ, ಅದು ನಮ್ಮ ‘ಅಣ್ಣ’, ‘ಅಮ್ಮ’ ಇದ್ದ ಹಾಗೆ, ಗಾಬರಿ ಬೇಡ. ‘ಆರ್ ಯೂ ಆಲ್‌ರೈಟ್’ ಅಂದರೆ ನಮಸ್ಕಾರ ಎಂದಷ್ಟೇ ಅರ್ಥ, ಮಂಡಿನೋವು ಹೇಳಲು ಶುರು ಮಾಡಬಾರದು. ‘ಡಿನ್ನರ್’ ಎಂದರೆ ಹಲವರಿಗೆ ಮಧ್ಯಾಹ್ನದ ಊಟ, ‘ಟೀ’ ಎಂದರೆ ಸಂಜೆ ಐದೂವರೆಯ ಊಟ. ಪಕ್ಕದ ಮನೆಯವರು ಟೀಗೆ ಕರೆದರೆ ಹೊಟ್ಟೆ ತುಂಬ ತಿಂದು ಹೋಗಬೇಡಿ, ಸಸ್ಯಾಹಾರಿಗಳಾದರೆ ಕರೆದಾಗಲೇ ಹೇಳಿ, ಮೊಟ್ಟೆ ಮೀನು ಕೂಡ ಇಲ್ಲ ಎಂದು ಬಿಡಿಸಿ ಹೇಳಿ. ಹೇಳದೆ ಕೇಳದೆ ಅವರ ಮನೆಗೆ ಹೋಗುವ ಪದ್ಧತಿ ಇಲ್ಲ. ಮಾತು ಬೆಳೆಯುವುದು ಬಸ್‌ಸ್ಟಾಪಿನಲ್ಲಿ, ಮಳೆಯ ಸುದ್ದಿಯಿಂದ.

ಲೀಡ್ಸ್‌ನ ಒಂದು ವ್ಯವಸ್ಥೆ ನನಗೆ ತುಂಬ ಮೆಚ್ಚುಗೆ. ಬಡಾವಣೆಗೊಂದರಂತೆ ‘ನೇಬರ್‌ಹುಡ್ ನೆಟ್‌ವರ್ಕ್’ ಎಂಬ ಹಿರಿಯರ ಸಂಘಗಳಿವೆ. ಕುರ್ಚಿಯಲ್ಲಿ ಕೂತು ಮಾಡುವ ವ್ಯಾಯಾಮ, ಹೆಣಿಗೆ, ಒಟ್ಟಿಗೆ ಊಟ, ನಡಿಗೆ ಎಲ್ಲ ಇರುತ್ತದೆ. ಆರು ತಿಂಗಳಿಗೆ ಬಂದವರನ್ನು ಸೇರಿಸಿಕೊಳ್ಳುತ್ತಾರೆಯೇ ಎಂದು ಮಗಳ ಕೈಲಿ ಫೋನು ಮಾಡಿಸಿ ಕೇಳಿ, ನಿಮ್ಮ ಮನೆಯವರಿಗೆ ಇಂಗ್ಲಿಷ್ ಅಷ್ಟಾಗಿ ಬಾರದಿದ್ದರೂ ಹೆಣಿಗೆಗೆ ಭಾಷೆ ಬೇಡ. ಅಲೆಕ್ಸಾಂಡ್ರಾ ರಸ್ತೆಯಲ್ಲಿ ಹಿಂದೂ ಮಂದಿರವಿದೆ. ಕನ್ನಡ ಬಳಗದ ಕಾರ್ಯಕ್ರಮಗಳು ಬೇರೆ ಊರಿನಲ್ಲಿದ್ದರೂ ಯುಗಾದಿಗೋ ದೀಪಾವಳಿಗೋ ಒಮ್ಮೆ ಹೋಗಿಬನ್ನಿ.

ಬಟ್ಟೆ, ಚಪ್ಪಲಿಗೆ ಊರಿನಲ್ಲಿ ದುಡ್ಡು ಸುರಿಯಬೇಡಿ. ಥರ್ಮಲ್ ಎರಡು ಜೊತೆ, ಒಂದು ಉಣ್ಣೆಯ ಟೋಪಿ ತನ್ನಿ. ಕೋಟು ಇಲ್ಲಿನ ಚಾರಿಟಿ ಅಂಗಡಿಗಳಲ್ಲಿ ಹತ್ತಿಪ್ಪತ್ತು ಪೌಂಡಿಗೆ ಒಳ್ಳೆಯದೇ ಸಿಗುತ್ತದೆ, ಹೆಡಿಂಗ್ಲಿಯ ರಸ್ತೆಯಲ್ಲಿ ಸಾಲಾಗಿವೆ. ಟೊಪ್ಪಿಗೆಯಿರುವ, ನೀರು ಹೀರದ ಕೋಟು ನೋಡಿ, ಇಲ್ಲಿನ ಗಾಳಿಗೆ ಕೊಡೆ ನಿಲ್ಲದು. ಹೊಸದಾಗಿ ಕೊಳ್ಳಬೇಕಾದದ್ದು ಬೂಟು ಮಾತ್ರ: ಆಳವಾದ ಗೀರಿನ ರಬ್ಬರ್ ತಳ, ಕಾಲಗಿಣ್ಣು ಮುಚ್ಚುವ ಎತ್ತರ, ದಪ್ಪ ಕಾಲುಚೀಲ ಹಿಡಿಸುವಷ್ಟು ಸಡಿಲ. ನವೆಂಬರಿನಲ್ಲಿ ಪುಟ್‌ಪಾತಿನ ಮೇಲೆ ಬಿದ್ದ ಒದ್ದೆ ಎಲೆ, ಜನವರಿಯಲ್ಲಿ ಕಣ್ಣಿಗೆ ಕಾಣದ ತೆಳು ಮಂಜುಗಡ್ಡೆ, ಎರಡೂ ಎಣ್ಣೆ ಸುರಿದ ಹಾಗೆ. ರಾತ್ರಿ ಸೊನ್ನೆಗಿಂತ ಕೆಳಗಿಳಿದಿದ್ದರೆ ಬೆಳಗ್ಗೆ ಹತ್ತರ ಮುಂಚೆ ಹೊರಡಬೇಡಿ, ಇಳಿಜಾರಿನ ಅಡ್ಡರಸ್ತೆ ಬಿಟ್ಟು ಉಪ್ಪು ಹಾಕಿದ ದೊಡ್ಡ ರಸ್ತೆಯಲ್ಲೇ ನಡೆಯಿರಿ, ಕೈಗಳನ್ನು ಜೇಬಿನಿಂದ ಹೊರಗೆ ಇಟ್ಟುಕೊಳ್ಳಿ.